ಮೊದಲು ಆ ಚಾಯದ ಗ್ಲಾಸು ತೆಗೆ!

ನನ್ನ ಸೋದರಮಾವನನ್ನು ಗ್ರೂಪಿನಿಂದ ಹೊರಗೆ ಹಾಕಬೇಕೆಂದು ನಾನು ಪ್ರತಿ ವರ್ಷ ರಿಟರ್ನ್ ಸಲ್ಲಿಸುವ ಕಾಲದಲ್ಲಿ ತೀರ್ಮಾನಿಸುತ್ತೇನೆ. ಬರೀ ತೀರ್ಮಾನವಲ್ಲ, ಫೋನಿನಲ್ಲಿ ಅವರ ಹೆಸರಿನ ಮೇಲೆ ಬೆರಳನ್ನೂ ಇಟ್ಟಿದ್ದೇನೆ. ಅಷ್ಟರಲ್ಲಿ ಅವರದೇ ಇನ್ನೊಂದು ಧ್ವನಿಸಂದೇಶ ಬರುತ್ತದೆ. ಇದಕ್ಕೊಂದು ಸರಿಯಾಗಿ ಬೈದು ಆಮೇಲೆ ಹಾಕೋಣ ಎಂದು ಬೆರಳು ಹಿಂದೆ ತೆಗೆಯುತ್ತೇನೆ. ಬೈಸಿಕೊಳ್ಳದೆ ಸುಮ್ಮನೆ ಪಾರಾಗಲು ಈ ಮನುಷ್ಯನನ್ನು ಯಾಕೆ ಬಿಡಬೇಕು, ನೀವೇ ಹೇಳಿ!

ಗ್ರೂಪು ಎಂದರೆ ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಟ್ಟು ಹೊಟ್ಟೆ ಹೊರೆಯುವ ನಮ್ಮಂಥವರು ಫೋನಿನಲ್ಲಿ ಮಾಡಿಕೊಂಡದ್ದು. ಕಾಸರಗೋಡಿನ ಕಡೆಯಿಂದ ಬಂದು ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ನೆಲೆ ನಿಂತ ನಾವು ಕೆಲವರು ಶುರು ಮಾಡಿದೆವು, ಆಮೇಲೆ ಮಲಯಾಳಿ ಗೆಳೆಯರೂ ಸೇರಿಕೊಂಡರು. ಸಂಶಯ ಬಂದವರು ಕೇಳುವುದು, ಗೊತ್ತಿದ್ದವರು ಹೇಳುವುದು. ನಾವೆಲ್ಲ ಕೊಂಡಿರುವ ಸಾಫ್ಟ್‌ವೇರು ಒಂದೇ, ಅದು ಕೈಕೊಡುವ ಹೊತ್ತೂ ಒಂದೇ. ಅದರ ಸಹಾಯವಾಣಿಗೆ ಫೋನು ಮಾಡಿದರೆ ಮೊದಲು ಕೊಳಲು ಕೇಳಿಸುತ್ತದೆ. ಕೊಳಲು ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು, ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ಎನ್ನುತ್ತಾಳೆ. ಇಷ್ಟು ಬುದ್ಧಿ ನಮಗೇ ಇಲ್ಲವೇ? ಇದನ್ನು ಕೇಳಲು ಅಷ್ಟು ಹೊತ್ತು ಕೊಳಲು ಕೇಳಬೇಕೇ? ಹೀಗಾಗಿ ನಮಗೆ ನಾವೇ ಗತಿ. ಗ್ರೂಪಿನ ಅಡ್ಮಿನ್ ನಾನು. ಪಾಲಾರಿವಟ್ಟಂ ಜಂಕ್ಷನ್ನಿನಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು.

ಮಾವ ಇರುವುದು ತಿರುವನಂತಪುರದ ಪಟ್ಟಂನಲ್ಲಿ. ಕಚೇರಿಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಮೇಲೆ ಫ್ಲಾಟಿನ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಸುತ್ತಮುತ್ತಲಿನ ಪಿಂಚಣಿದಾರರ ರಿಟರ್ನ್ ಮಾಡಿಕೊಡುತ್ತಾರೆ. ಅತ್ತೆ ಅಂದಿನಿಂದ ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತಾರೆ. ಮಾವನಿಗೆ ಗೊತ್ತಿಲ್ಲದ ನಿಯಮವಿಲ್ಲ, ಅವರಿಂದ ಬಿಡಿಸಲಾಗದ ತೊಡಕಿಲ್ಲ. ಆದರೆ ಮೊದಲು ಬೈಯದೆ ಅವರ ಗಂಟಲಿನಿಂದ ಉತ್ತರ ಹೊರಡುವುದಿಲ್ಲ. ಟೈಪ್ ಮಾಡಿದ ಬೈಗುಳಕ್ಕೆ ಉಪ್ಪುಖಾರ ಇರುವುದಿಲ್ಲವೆಂದು ಎಲ್ಲವನ್ನೂ ಬಾಯಿಯಲ್ಲೇ ಹೇಳಿ ಕಳಿಸುತ್ತಾರೆ. ನಮಗೆ ಕನ್ನಡದಲ್ಲಿ, ಮಲಯಾಳಿಗಳಿಗೆ ಮಲಯಾಳದಲ್ಲಿ. ಭೇದಭಾವವೇ ಇಲ್ಲ!

ಬೈಯಲು ಅವರಿಗೆ ವಿಷಯ ಒದಗಿಸುವವರು ನಾವೇ ಅನ್ನಿ. ಕೆಲಸದ ಭರಾಟೆಯಲ್ಲಿ ಸ್ಕ್ರೀನ್‌ಶಾಟ್ ತೆಗೆಯುತ್ತಾ ಕೂರಲು ನಮಗೆ ಪುರುಸೊತ್ತು ಎಲ್ಲಿದೆ? ಫೋನು ಎತ್ತಿ ಪರದೆಯ ಫೋಟೋ ಹೊಡೆದು ಗ್ರೂಪಿಗೆ ಹಾಕಿ, ‘ಇದೇನು?’ ಎಂದು ಕೇಳುವುದು ನಮ್ಮ ಪದ್ಧತಿ. ಫೋಟೋ ಸೊಟ್ಟಗಿರುತ್ತದೆ, ಟ್ಯೂಬ್‌ಲೈಟು ಅದರ ಮೇಲೆ ಹೊಳೆಯುತ್ತಿರುತ್ತದೆ, ಅಂಚಿನಲ್ಲಿ ಅರ್ಧ ಮೇಜೂ ಬಂದಿರುತ್ತದೆ. ಎಲ್ಲರೂ ಪರದೆಯನ್ನು ನೋಡುತ್ತಾರೆ. ಮಾವ ಅಂಚನ್ನು ನೋಡುತ್ತಾರೆ.

ಒಮ್ಮೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ ಮರುಗಳಿಗೆ ‘ಸಲ್ಲಿಸು’ ಎಂಬ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಕೂತುಬಿಟ್ಟಿತು. ಎಷ್ಟು ಒತ್ತಿದರೂ ಅಲ್ಲಾಡುವುದಿಲ್ಲ. ಎದುರಿಗೆ ಗಿರಾಕಿ ಕೂತಿದ್ದಾರೆ. ಗಾಬರಿಯಲ್ಲಿ ಫೋಟೋ ಹಾಕಿದೆ. ಮಾವನ ಧ್ವನಿ ಬಂತು.

“ಎಂತ ಮಾರಾಯ್ತಿ ಇದು? ಕೀಬೋರ್ಡಿನ ಹತ್ತಿರ ಚಾಯ ಇಟ್ಟಿದ್ದೀಯಲ್ಲ, ನಿನಗೆ ತಲೆ ಸರಿ ಉಂಟಾ? ನಿನ್ನ ಅಮ್ಮನೂ ಹೀಗೇ, ನೀರಿನ ಚೊಂಬು ತಂದು ರೇಡಿಯೋದ ಮೇಲೆ ಇಡ್ತಿದ್ದಳು. ಮೊದಲು ಆ ಚಾಯದ ಗ್ಲಾಸು ತೆಗೆ!”

ತೆಗೆದೆ. ಇನ್ನೊಂದು ಫೋಟೋ ಕಳಿಸಿದೆ.

“ಗ್ಲಾಸು ತೆಗೆದದ್ದು ಸರಿ. ಅದರ ಅಡಿಯ ಕಲೆ ಯಾರು ಒರೆಸುದು? ನಾನು ಪಟ್ಟಂನಿಂದ ಬಸ್ಸು ಹತ್ತಿ ಬರ್ಬೇಕಾ?”

ಸೀರೆಯ ಸೆರಗಿನಿಂದಲೇ ಒರೆಸಿದೆ. ಮೂರನೆಯ ಫೋಟೋಕ್ಕೆ ಉತ್ತರ ಬಂತು. “ನಿನ್ನ ಕಂಪ್ಯೂಟರಿನಲ್ಲಿ ತಾರೀಕು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ ಉಂಟು. ಅದನ್ನು ತಿರುಗಿಸು. ದಿನ ಮೊದಲು ಬರ್ಬೇಕು.” ತಿರುಗಿಸಿದ ಕೂಡಲೇ ಗುಂಡಿ ನೀಲಿಯಾಯಿತು! ಇದನ್ನು ಮೊದಲೇ ಹೇಳಿದ್ದರೆ ಇವರ ಗಂಟು ಏನಾದರೂ ಕರಗುತ್ತಿತ್ತೇ? ನನ್ನ ಅಮ್ಮನ ಚೊಂಬಿನ ವಿಷಯವನ್ನು ಇಡೀ ಗ್ರೂಪು ಕೇಳಬೇಕಿತ್ತೇ?

ಗ್ರೂಪಿನಲ್ಲಿರುವ, ಕೊಚ್ಚಿಯ ಹತ್ತಿರದ ಏಲೂರಿನ ಗೆಳೆಯರೊಬ್ಬರ ಕತೆ ಇದಕ್ಕಿಂತ ದೊಡ್ಡದು. ಅವರು ಮಲಯಾಳಿ, ಕಾರ್ಖಾನೆಯ ನೌಕರರ ರಿಟರ್ನ್ ಮಾಡುವವರು, ಯಾರಿಗೂ ಎದುರು ಮಾತಾಡದ ಸಾಧು. ಮಳೆಗಾಲದ ಒಂದು ಮಧ್ಯಾಹ್ನ, ಒಬ್ಬರ ಬ್ಯಾಂಕ್ ಬಡ್ಡಿ ಎರಡೆರಡು ಸಲ ಕಾಣಿಸುತ್ತಿದೆ, ಏನು ಮಾಡಲಿ ಎಂದು ಫೋಟೋ ಹಾಕಿದರು. ಅದರ ಮೂಲೆಯಲ್ಲಿ ಸೋರುವ ಛಾವಣಿಯ ಕೆಳಗಿಟ್ಟ ಬಕೆಟ್ಟಿತ್ತು. ಬಕೆಟ್ಟಿನ ಪಕ್ಕದಲ್ಲೇ, ನೆಲದ ಮೇಲೆ, ಕರೆಂಟಿನ ಎಕ್ಸ್‌ಟೆನ್ಷನ್ ಬಾಕ್ಸು. ನಮಗೆ ಯಾರಿಗೂ ಕಾಣಲಿಲ್ಲ.

“ಪ್ಲಗ್ ಊರೆಡೋ!” ಎಂದು ಮಾವ ಗರ್ಜಿಸಿದರು. ಪ್ಲಗ್ ಕೀಳೋ ಎಂದು. ಏಲೂರಿನವರು ಮತ್ತೆ ವಿನಯದಿಂದ ಬಡ್ಡಿಯ ವಿಷಯ ಕೇಳಿದರು. “ಪ್ಲಗ್ ಊರಿಯೋ?” ಕಿತ್ತೆಯಾ ಎಂದು ಮಾವ. ಬಡ್ಡಿ ಎಂದರೆ ಪ್ಲಗ್, ಪ್ಲಗ್ ಎಂದರೆ ಬಡ್ಡಿ. ಕೊನೆಗೆ ಆ ಬಡಪಾಯಿ ಬೇಸತ್ತು ಪ್ಲಗ್ ಕಿತ್ತರು. ಬೆಳಿಗ್ಗೆಯಿಂದ ತುಂಬಿಸಿದ್ದ ರಿಟರ್ನ್ ಸೇವ್ ಆಗದೆ ಕಂಪ್ಯೂಟರಿನ ಜೊತೆಗೇ ಆರಿಹೋಯಿತು. ಆಮೇಲೆ ಮಾವ ಬಡ್ಡಿಯ ಬಗ್ಗೆ ಬಹಳ ಸೊಗಸಾದ ಉತ್ತರ ಕೊಟ್ಟರು, ಆದರೆ ಅದನ್ನು ಮಾಡಿ ನೋಡಲು ಏಲೂರಿನಲ್ಲಿ ಕಂಪ್ಯೂಟರಿಗೆ ಕರೆಂಟೇ ಇರಲಿಲ್ಲ! “ಚೇಚಿ, ಇನ್ನು ಆ ಮನುಷ್ಯ ಇರಬೇಕು, ಇಲ್ಲ ನಾನಿರಬೇಕು” ಎಂದು ಅವರು ಈ ಅಕ್ಕನಿಗೆ ಬರೆದರು. ಸಾಧುವಿನ ಕೈಯಲ್ಲೂ ಇಂಥ ಮಾತು ಬರೆಸುವ ಸಾಮರ್ಥ್ಯ ನಮ್ಮ ಮಾವನದು.

ಮಾವ ಒಂದು ಮದುವೆಗೆಂದು ಕೊಚ್ಚಿಗೆ ಬಂದವರು ನನ್ನ ಆಫೀಸಿಗೂ ಬಂದರು. ಅದಕ್ಕೆ ಮೊದಲು ಎಂದೂ ಕಾಲಿಟ್ಟವರಲ್ಲ. ಆದರೂ ಬಾಗಿಲು ದಾಟಿದವರೇ ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ, “ಈ ಗಿಡಕ್ಕೆ ನೀರು ಹಾಕುದು ಯಾವಾಗ ನಿಲ್ಲಿಸಿದ್ದು? ಹೋದ ಸಲದ ಫೋಟೋದಲ್ಲಿ ಹಸಿರು ಉಂಟಲ್ಲ!” ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದರು, ನೇತಾಡುತ್ತಿದ್ದ ವಯರನ್ನು ಮೊಳೆಗೆ ಕಟ್ಟಿದರು. ರಿಟರ್ನ್ ಮಾಡಿಸಲು ಬಂದಿದ್ದ ಗಿರಾಕಿ ಅವರನ್ನು ಎಲೆಕ್ಟ್ರಿಷಿಯನ್ ಎಂದುಕೊಂಡು ತಮ್ಮ ಮನೆಯ ಫ್ಯಾನಿನ ತೊಂದರೆ ಹೇಳತೊಡಗಿದರು. ಮಾವ ಅವರಿಗೂ ಮೊದಲು ಬೈದು ಆಮೇಲೆ ಉತ್ತರ ಕೊಟ್ಟರು. ಇಷ್ಟರಲ್ಲಿ ಮದುವೆಮನೆಯಲ್ಲಿ ಊಟ ಮುಗಿದಿತ್ತು.

ಇದೆಲ್ಲವನ್ನೂ ನಾನು ಸಹಿಸಿದೆ. ಸಹಿಸಲಾಗದ್ದು ಈ ವರ್ಷ ನಡೆಯಿತು. ನಾನು ಹಾಕಿದ ಒಂದು ಫೋಟೋದಲ್ಲಿ ಮೌಸ್‌ಪ್ಯಾಡಿನ ಕೆಳಗಿನಿಂದ ಮಾತ್ರೆಯ ಪಟ್ಟಿಯೊಂದು ಇಣುಕುತ್ತಿತ್ತಂತೆ. ಗ್ರೂಪಿನಲ್ಲಿ ಏನೂ ಹೇಳದೆ ನೇರ ಫೋನು ಮಾಡಿದರು.

“ಅದು ಎಂತ ಮಾತ್ರೆ?”

“ತಲೆನೋವಿಂದು ಮಾವ.”

“ಸುಳ್ಳು ಹೇಳ್ಬೇಡ. ತಲೆನೋವಿನ ಮಾತ್ರೆಯ ಮೇಲೆ ಸೋಮವಾರ, ಮಂಗಳವಾರ ಅಂತ ಬರೆದಿರ್ತದಾ?”

ಬಿಪಿಯ ಮಾತ್ರೆ. ಗಂಡನಿಗೂ ಹೇಳಿರಲಿಲ್ಲ, ಹೇಳಿದರೆ ಆಫೀಸು ಮುಚ್ಚು ಎನ್ನುತ್ತಾರೆ ಎಂಬ ಹೆದರಿಕೆ. ಮಾವ ಅತ್ತೆಗೆ ಹೇಳಿದರು, ಅತ್ತೆ ಅಮ್ಮನಿಗೆ ಹೇಳಿದರು, ಆಮೇಲೆ ಕಾಸರಗೋಡಿನಿಂದ ಫೋನಿನ ಮೇಲೆ ಫೋನು! ಉಪ್ಪು ಬಿಡು, ಉಪ್ಪಿನಕಾಯಿ ಬಿಡು, ಕೆಲಸ ಬಿಡು. ಮಗಳು ನನ್ನ ತಟ್ಟೆಯ ಹಪ್ಪಳ ಕಿತ್ತುಕೊಂಡು, “ಅಮ್ಮೇ, ಇದು ವೇಂಡ” ಎಂದು ಮಲಯಾಳದಲ್ಲೇ ಬೇಡವೆಂದಳು. ನನಗೆ ಬಂದ ಸಿಟ್ಟಿಗೆ ಇದ್ದ ಬಿಪಿಯೂ ಏರಿತು. ನನ್ನ ಮೇಜು, ನನ್ನ ಮಾತ್ರೆ, ನನ್ನ ಹಪ್ಪಳ! ಇವರಿಗೇನು ಅಧಿಕಾರ? ಗ್ರೂಪಿನಲ್ಲೂ ಹಲವರು ಏಲೂರಿನವರ ಪಕ್ಷ ಸೇರಿದ್ದರು. ಇದೊಂದು ಡ್ಯೂ ಡೇಟು ಮುಗಿಯಲಿ ಎಂದು ಕಾಯುವುದೂ ಬೇಡ, ನಾಳೆ ಆಫೀಸಿಗೆ ಹೋದ ಕೂಡಲೇ ಮಾವನನ್ನು ತೆಗೆಯುತ್ತೇನೆ ಎಂದು ಎಲ್ಲರಿಗೂ ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಫೋನು ತೆರೆದರೆ ಮಾವನದೇ ಫೋಟೋ! ಇಷ್ಟು ವರ್ಷದಲ್ಲಿ ಗ್ರೂಪಿನಲ್ಲಿ ಒಂದು ಪ್ರಶ್ನೆ ಕೇಳಿದವರಲ್ಲ. ಫೋಟೋ ನಮ್ಮೆಲ್ಲರ ಫೋಟೋಗಳಿಗಿಂತ ಸೊಟ್ಟಗಿತ್ತು. ಕೆಳಗೆ, ಧ್ವನಿಯಲ್ಲ, ಟೈಪ್ ಮಾಡಿದ ಎರಡೇ ಸಾಲು: ‘ಗುಂಡಿ ಬೂದು ಆಗಿದೆ. ಏನು ಮಾಡುವುದು?’

ಗ್ರೂಪಿಗೆ ಹಬ್ಬವೋ ಹಬ್ಬ! ನಗುವ ಮುಖಗಳು ಸಾಲುಸಾಲಾಗಿ ಬಂದವು. ಏಲೂರಿನವರು ‘ಆದ್ಯಂ ಪ್ಲಗ್ ಊರ್’, ಮೊದಲು ಪ್ಲಗ್ ಕೀಳು, ಎಂದು ಬರೆದು ಸೇಡು ತೀರಿಸಿಕೊಂಡರು. ನಾನು ಬಿಡುತ್ತೇನೆಯೇ? ತೆಗೆದುಹಾಕುವ ಮೊದಲು ಅವರ ಮಾತನ್ನು ಅವರಿಗೇ ತಿರುಗಿಸಿ ಕೊಡೋಣ ಎಂದು ಫೋಟೋವನ್ನು ದೊಡ್ಡದು ಮಾಡಿ, ಅಂಚಿನಲ್ಲಿ ಚಾಯದ ಗ್ಲಾಸು ಹುಡುಕತೊಡಗಿದೆ.

ಗ್ಲಾಸು ಇರಲಿಲ್ಲ. ಹಸಿರು ಹೊದಿಕೆಯ ತುದಿ ಇತ್ತು. ಮಂಚದ ಸ್ಟೀಲಿನ ಕಂಬಿ ಇತ್ತು. ಕೀಬೋರ್ಡಿನ ಪಕ್ಕ ಒಂದು ಕೈ, ಅದರ ಬೆನ್ನಿಗೆ ಬಿಳಿಯ ಟೇಪು, ಟೇಪಿನ ಅಡಿಯಿಂದ ಹೊರಟ ಸಣ್ಣ ಕೊಳವೆ.

ಅತ್ತೆಗೆ ಫೋನು ಮಾಡಿದೆ. “ನಿನಗೆ ಯಾರು ಹೇಳಿದ್ದು? ಯಾರಿಗೂ ಹೇಳ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸಿದ್ದಾರೆ” ಎಂದು ಅತ್ತೆ ಅತ್ತೇಬಿಟ್ಟರು. ಬರೀ ಜ್ವರವೆಂದು ತಿರುಗಾಡಿಕೊಂಡಿದ್ದು, ಎದೆಯಲ್ಲಿ ಕಫ ಕಟ್ಟಿ, ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದಾರೆ. ಧ್ವನಿಸಂದೇಶ ಕಳಿಸಲು ಉಸಿರೇ ಇಲ್ಲ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ನನ್ನ ಒಂದು ಮಾತ್ರೆಗೆ ಊರೆಲ್ಲ ಡಂಗುರ ಹೊಡೆದವರು, ತಾನು ಆಸ್ಪತ್ರೆಯಲ್ಲಿ ಮಲಗಿರುವುದನ್ನು ಮುಚ್ಚಿಡುತ್ತಾರೆಯೇ? ಆಫೀಸಿಗೆ ಬೀಗ ಹಾಕಿ ರೈಲು ಹತ್ತಿದೆ. ಕೊಲ್ಲಂ ದಾಟುವಷ್ಟರಲ್ಲಿ ಬೈಗುಳ ಪೂರ್ತಿ ಬಾಯಿಪಾಠವಾಗಿತ್ತು.

ಮಾವ ಒರಗಿ ಕೂತಿದ್ದರು. ಅರ್ಧ ಆಗಿದ್ದರು. ಮೂಗಿಗೆ ಆಮ್ಲಜನಕದ ಕೊಳವೆ, ಎದುರಿಗೆ ನೆರೆಮನೆಯಿಂದ ಕಡ ತಂದ ಲ್ಯಾಪ್‌ಟಾಪು. ಮೂವರು ಪಿಂಚಣಿದಾರರ ರಿಟರ್ನ್ ಬಾಕಿ ಇದೆಯಂತೆ, ಅವರು ಬೇರೆ ಯಾರನ್ನೂ ನಂಬುವವರಲ್ಲವಂತೆ.

“ಡ್ಯೂ ಡೇಟು ಇಟ್ಕೊಂಡು... ಆಫೀಸು ಮುಚ್ಚಿ... ನಿನ್ನನ್ನು ಯಾರು ಕರೆದದ್ದು?” ಎಂದರು. ಮೂರು ಉಸಿರು ಬೇಕಾಯಿತು.

ಶುರು ಮಾಡಿದೆ. ರೈಲಿನಲ್ಲಿ ಜೋಡಿಸಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ನರ್ಸ್ ಓಡಿಬಂದು, “ಚೇಚೀ, ಪದುಕ್ಕೆ” ಎಂದು ಮೆಲ್ಲಗೆ ಮಾತಾಡಲು ಹೇಳಿದರೂ ನಿಲ್ಲಿಸಲಿಲ್ಲ. ಮಾವ ತಲೆಯಾಡಿಸುತ್ತಾ ಪೂರ್ತಿ ಕೇಳಿದರು. ಮುಗಿದ ಮೇಲೆ, “ಇನ್ನು ಉತ್ತರ ಹೇಳು” ಎಂದರು.

“ದಿನ ಮೊದಲು, ತಿಂಗಳು ಆಮೇಲೆ ಬರ್ಬೇಕು ಮಾವ. ನೀವೇ ಹೇಳಿಕೊಟ್ಟದ್ದು.”

“ನಾನಾ?”

“ನೀವೇ.”

“ಮರೆತೇ ಹೋಯ್ತು ನೋಡು” ಎಂದರು. ಅಷ್ಟು ಸಣ್ಣ ಸ್ವರದಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ನನಗೆ ಅಳು ಬಂತು.

ತಾರೀಕು ತಿರುಗಿಸಿದೆ. ಗುಂಡಿ ನೀಲಿಯಾಯಿತು. ಗ್ರೂಪಿಗೆ ಫೋಟೋ ಹಾಕಬೇಕಲ್ಲ? ಬೇಕೆಂದೇ ಸೊಟ್ಟಗೆ ಹೊಡೆದೆ. ಮಾವನ ಕೈ ಇಡಿಯಾಗಿ ಬರುವ ಹಾಗೆ.

ನೀಲಿ ಗುಂಡಿಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಮೊದಲು ಬಂದದ್ದು ಏಲೂರಿನವರ ಧ್ವನಿ. “ಆ ಕೈಕ್ಕೆಂತು ಪಟ್ಟಿ? ಒರು ವಾಕ್ಕು ಪರಯಾಮಾಯಿರುನ್ನಿಲ್ಲೇ, ಮಾಷೇ?” ಆ ಕೈಗೆ ಏನಾಯಿತು, ಒಂದು ಮಾತು ಹೇಳಬಾರದಿತ್ತೇ ಮೇಷ್ಟ್ರೇ ಎಂದು ಆ ಸಾಧು ಕೂಗಾಡುತ್ತಿದ್ದರು. ಅವರ ಹಿಂದೆ ಉಳಿದವರೂ ಬೈಯತೊಡಗಿದರು, ಕನ್ನಡದಲ್ಲೂ ಮಲಯಾಳದಲ್ಲೂ. ಮೂರು ರಿಟರ್ನ್ ಬಾಕಿ ಎಂದು ನಾನು ಬರೆದದ್ದೇ ತಡ, ಅವನ್ನೂ ತಾವೇ ಹಂಚಿಕೊಂಡರು. ಮಾವ ನನ್ನ ಫೋನನ್ನು ಕಿವಿಗೆ ಹಿಡಿದು ಒಂದೊಂದನ್ನೇ ಕೇಳಿದರು. ಅಡ್ಮಿನ್ನಿನ ಫೋನು ಅವರ ಕೈಯಲ್ಲಿತ್ತು, ಮನಸ್ಸು ಮಾಡಿದ್ದರೆ ನನ್ನನ್ನೇ ಗ್ರೂಪಿನಿಂದ ಹೊರಗೆ ಹಾಕಬಹುದಿತ್ತು.

ಏಲೂರಿನವರದ್ದನ್ನು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಛಾವಣಿ ಸರಿ ಮಾಡಿಸಿದನಾ... ಕೇಳು” ಎಂದರು.

ಕೇಳಿದೆ. ಮಾಡಿಸಿದ್ದರು. ಅದನ್ನು ಹೇಳಿದ ಮೇಲೆಯೇ ಮಾವ ಫೋನನ್ನು ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.