ನಕಲಿ ಶರಣಾಗತಿ ಮತ್ತು ಹಿತ್ತಾಳೆ ಚಕ್ಕುಲಿ ಒರಳು

ನೆನಪಿನ ವಿಷಯದಲ್ಲಿ ನಾನು ನಂಬಿಕಸ್ಥನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನೆ ಕನ್ನಡಕ ಎಲ್ಲಿಟ್ಟೆ ಎಂದರೆ ತಡವರಿಸುವ ನಾನು, ಹತ್ತು ವರ್ಷದ ಹಿಂದಿನ ಘಟನೆಯನ್ನು ಸೀರೆಯ ಬಣ್ಣದ ಸಮೇತ ವರ್ಣಿಸುತ್ತೇನೆ. ಅಷ್ಟು ಸ್ಪಷ್ಟವಾಗಿ ನೆನಪಿರುವುದೆಲ್ಲ ಬಹುಶಃ ಸುಳ್ಳೇ.

ಕಾನೂನು ಕಾಲೇಜೊಂದರಲ್ಲಿ ಯುದ್ಧದ ಕಾನೂನು ಪಾಠ ಮಾಡುವುದು ನನ್ನ ಕಸುಬು. ಜಯನಗರದ ನಮ್ಮ ಮನೆಯಲ್ಲಿ ಆಗ ಯುದ್ಧದ ಐದನೆಯ ದಿನ. ಕಾರಣ, ಹೆಂಡತಿ ವಾರಿಜಳಿಗೆ ಅವಳ ತಾಯಿ ಕೊಟ್ಟಿದ್ದ ಹಿತ್ತಾಳೆ ಚಕ್ಕುಲಿ ಒರಳು. ಹತ್ತು ವರ್ಷದ ಹಿಂದೆ ವಸಂತಪುರದಿಂದ ಈ ಮನೆಗೆ ಬರುವಾಗ ಅದು ಗುಜರಿಗೆ ಹೋಗಿತ್ತು. ಕೊಟ್ಟವಳು ಅವಳು ಎಂದು ನಾನು, ನಾನೆಂದು ಅವಳು. ಹಸಿರು ಸೀರೆ ಉಟ್ಟು, ಗೇಟಿನ ಬಳಿ ನಿಂತು, ಅವಳೇ ಒರಳನ್ನು ಗಾಡಿಗೆ ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು; ಸೀರೆಯ ಸಮೇತ ಅವಳಿಗೆ ಅದನ್ನು ಹೇಳಿಯೂ ಇದ್ದೆ. "ತಪ್ಪು ಒಪ್ಕೊಳ್ಳೋವರ್ಗೂ ಈ ಮನೇಲಿ ಚಕ್ಕುಲಿ ಇಲ್ಲ, ಮಾತೂ ಇಲ್ಲ" ಎಂದು ಅವಳು ಸಾರಿದ್ದಳು. ಗೋಕುಲಾಷ್ಟಮಿಗೆ ಮೂರೇ ದಿನ. ಚಕ್ಕುಲಿಯಿಲ್ಲದ ಅಷ್ಟಮಿಯನ್ನು ಕೃಷ್ಣ ಸಹಿಸಿಯಾನು, ನಾನು ಸಹಿಸಲಾರೆ.

ಅದೇ ವಾರ ಕ್ಲಾಸಿನಲ್ಲಿ ಡೀಪ್‌ಫೇಕ್ ಪಾಠ. ಯುದ್ಧದಲ್ಲಿ ಶತ್ರುವನ್ನು ಯಾಮಾರಿಸಬಹುದು. ಇಲ್ಲದ ಟ್ಯಾಂಕುಗಳು ಸಾಲಾಗಿ ಹೊರಟಂತೆ ನಕಲಿ ವಿಡಿಯೊ ಬಿಟ್ಟರೆ ಅದು ತಂತ್ರ. ಆದರೆ ಸೇನಾಪತಿ ಶರಣಾದಂತೆ ವಿಡಿಯೊ ಮಾಡಿ, ನಂಬಿ ಹತ್ತಿರ ಬಂದವರನ್ನು ಕೊಂದರೆ ಅದು ವಿಶ್ವಾಸದ್ರೋಹ, ಅಪರಾಧ. ಉದಾಹರಣೆಗೆ ಇರಲಿ ಎಂದು ಕಂಪ್ಯೂಟರಿನಿಂದ ನನ್ನದೇ ಮುಖ, ನನ್ನದೇ ದನಿಯ ಒಂದು ವಿಡಿಯೊ ಮಾಡಿಸಿದೆ. ಮಿಲಿಟರಿ ಟೋಪಿ ಹಾಕಿದ ನಾನು ಬಿಳಿ ಬಾವುಟ ಹಿಡಿದು, "ತಪ್ಪೆಲ್ಲ ನಮ್ಮದೇ. ಆಯುಧ ಕೆಳಗಿಟ್ಟಿದ್ದೇವೆ. ದಯವಿಟ್ಟು ಕ್ಷಮಿಸಿ" ಎನ್ನುತ್ತೇನೆ. ಕಣ್ಣಂಚಿನಲ್ಲಿ ನೀರು ಬೇರೆ. ಬೆಳಿಗ್ಗೆ ಅದನ್ನು ವಿದ್ಯಾರ್ಥಿಗಳ ಗ್ರೂಪಿಗೆ ಕಳಿಸುವ ಬದಲು ಹೆಂಡತಿಯ ತವರಿನ ಗ್ರೂಪಿಗೆ ಕಳಿಸಿಬಿಟ್ಟೆ. ಒರಳಿನ ಜಗಳ ಅಲ್ಲಿ ಆಗಲೇ ಜಗಜ್ಜಾಹೀರಾಗಿತ್ತು.

ಅಂಜನಾಪುರದ ಭಾವಮೈದ ಸತೀಶ ತಕ್ಷಣ ಬರೆದ: "ಭಾವ, ಸಖತ್. ಅಕ್ಕ ಗೆದ್ಲು." ಅಳಿಸಲೆಂದು ಬೆರಳೆತ್ತಿದೆ. ಅಷ್ಟರಲ್ಲಿ ಎದುರಿಗೆ ಲೋಟ ಬಂತು. ಐದು ದಿನದ ನಂತರದ ಕಾಫಿ, ನೊರೆಯ ಸಮೇತ.

ನಕಲಿ ಶರಣಾಗತಿಯಿಂದ ಗಿಟ್ಟಿದ ಕಾಫಿ ಕುಡಿಯಬಹುದೇ? ಮನಸ್ಸಿನಲ್ಲೇ ಒಪ್ಪಂದಗಳನ್ನು ತಿರುವಿಹಾಕಿದೆ. ಹಾಗೆ ನಂಬಿಸಿ ಕೊಲ್ಲಬಾರದು, ಗಾಯ ಮಾಡಬಾರದು, ಸೆರೆಹಿಡಿಯಬಾರದು. ಕಾಫಿಯ ಬಗ್ಗೆ ಕಾನೂನು ಮೌನ. ಕುಡಿದೆ.

"ಚೆನ್ನಾಗಿದ್ಯಾ?" ಎಂದಳು ವಾರಿಜ.

"ತುಂಬಾ."

"ವಿಡಿಯೊ ನಕಲಿ ಅಂತ ನಂಗೊತ್ತು ರೀ. ಇಪ್ಪತ್ತೆರಡು ವರ್ಷದಲ್ಲಿ ಒಂದಿನ ಕ್ಷಮಿಸು ಅಂದೋರಲ್ಲ ನೀವು. ಪಾಪ, ಕಂಪ್ಯೂಟರಿಗಾದ್ರೂ ಬುದ್ಧಿ ಬಂತಲ್ಲ ಅಂತ ಕಾಫಿ ಕೊಟ್ಟೆ. ಇನ್ನೊಂದು ವಿಷಯ. ಆ ಹಸಿರು ಸೀರೆ ತಗೊಂಡಿದ್ದು ಸತೀಶನ ಮದ್ವೆಗೆ. ಈ ಮನೆಗೆ ಬಂದ್ಮೇಲೆ."

ನನ್ನ ನೆನಪಿನ ಗೇಟಿನಿಂದ ಹಸಿರು ಸೀರೆಯೊಂದಿಗೆ ವಾರಿಜಳೂ ಹೊರಟುಹೋದಳು. ಅಲ್ಲಿ ಲುಂಗಿಯುಟ್ಟ ನಾನೊಬ್ಬನೇ ಉಳಿದೆ, ಕೈಯಲ್ಲಿ ಒರಳು. ಯಾವ ಕಂಪ್ಯೂಟರಿನ ಸಹಾಯವೂ ಇಲ್ಲದೆ ಹತ್ತು ವರ್ಷ ತಲೆಯೊಳಗೆ ಡೀಪ್‌ಫೇಕ್ ಓಡಿಸಿದ್ದೆ.

ಅವಳು ಫೋನ್ ಹಿಡಿದಳು. "ಈಗ ನೀವೇ ಹೇಳಿ. ಟೋಪಿ ಬೇಡ."

ಹೇಳಿದೆ. ತೊದಲಿದೆ, ಕೆಮ್ಮಿದೆ, ಗೋಡೆ ನೋಡಿದೆ. ಜೀವಮಾನದ ಮೊದಲ ಅಸಲಿ ಶರಣಾಗತಿ. ಅವಳು ಅದನ್ನು ಗ್ರೂಪಿಗೆ ಹಾಕಿದಳು.

"ಅಕ್ಕ, ಮೋಸ ಹೋಗ್ಬೇಡ" ಎಂದು ಸತೀಶ ಬರೆದ. "ಇದು ಡೀಪ್‌ಫೇಕು. ಮುಖದಲ್ಲಿ ಜೀವಾನೇ ಇಲ್ಲ. ಬೆಳಿಗ್ಗೇದೇ ಒರಿಜಿನಲ್."

ಹೊಸ ಸ್ಟೀಲಿನ ಒರಳಿನಲ್ಲಿ ಚಕ್ಕುಲಿ ಆಯಿತು. ತವರಿನವರು ಮಾತ್ರ ಇಂದಿಗೂ ಆ ಟೋಪಿಯವನೇ ತಮ್ಮ ಅಳಿಯನೆಂದು ನಂಬಿದ್ದಾರೆ. ಮನೆಗೆ ಬಂದಾಗ ನನ್ನನ್ನು ನೋಡಿ ಸ್ವಲ್ಪ ನಿರಾಶರಾಗುತ್ತಾರೆ.