ಮಯೂರ ಗುಜರಿಯಲ್ಲ

ಮಾನ್ವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಮರೇಶ ಮುಂಜಾನೆ ಗೇಟು ದಾಟಿದಾಗ ಮಯೂರ ತಕ್ಕಡಿ ಏರಿತ್ತು. ಮಯೂರ ಎಂದರೆ ನವಿಲಲ್ಲ, ಕಾಲೇಜಿನ ಮೊಟ್ಟಮೊದಲ ಕಂಪ್ಯೂಟರು. ಉಗ್ರಾಣ ಖಾಲಿ ಮಾಡಲು ಬಂದ ಗುಜರಿ ವ್ಯಾಪಾರಿ ಅಲ್ತಾಫ್ ಅದನ್ನು ಮುರಿದ ಬೆಂಚು, ರೆಕ್ಕೆ ಸೊಟ್ಟಗಾದ ಫ್ಯಾನುಗಳ ಜೊತೆ ಒಟ್ಟಿ ತೂಗುತ್ತಿದ್ದ.

"ಇಳಸು ಅದನ್ನ," ಎನ್ನುತ್ತ ಅಮರೇಶ ಯಂತ್ರದ ಮೇಲೆ ಕೈಯೂರಿ ನಿಂತ. ತಕ್ಕಡಿಯ ಮುಳ್ಳು ಇನ್ನಷ್ಟು ಮೇಲೇರಿತು. ಅಲ್ತಾಫನಿಗೆ ಸಂತೋಷವೇ ಆಗಿರಬೇಕು.

ವರಾಂಡದಿಂದ ಪ್ರಿನ್ಸಿಪಾಲ ಶರಣಯ್ಯನವರು ನಿಯಮ ಓದಿದರು. ನಾಳೆ ತಪಾಸಣಾ ತಂಡ ಬರುತ್ತದೆ. ಓಡದ ವಸ್ತು ಯಾವುದೂ ಕಾಲೇಜಿನಲ್ಲಿ ಇರಕೂಡದು. ನೌಕರರಿಗೆ ಅದನ್ನು ಮಾರಕೂಡದು.

"ಇದು ಗುಜರಿ ಅಲ್ರೀ ಸರ. ಓಡ್ತದ."

"ಓಡೂದಾದ್ರ ಓಡಿಸಿ ತೋರಸ್ರಿ. ಸಂಜಿಗೆ ಲಾರಿ ಹೋಗ್ತದ."

"ತೋರಸ್ತೀನಿ," ಎಂದ ಅಮರೇಶ. ಅದು ಓಡಿದ್ದನ್ನು ಅವನೂ ಕಂಡಿರಲಿಲ್ಲ.

ಮಯೂರದ ಚರಿತ್ರೆ ಚಿಕ್ಕದು. ಎಂಬತ್ತರ ದಶಕದಲ್ಲಿ ಒಂದು ಸಣ್ಣ ಕಂಪನಿ ಅದನ್ನು ಮಾಡಿತು. ಕನ್ನಡ ಅಕ್ಷರ ಮೂಡಿಸುವ ಚಿಪ್ ಹುಟ್ಟುತ್ತಲೇ ಅದರ ಹೊಟ್ಟೆಯಲ್ಲಿತ್ತು. ಬೇರೆ ಪರದೆ ಬೇಕಿರಲಿಲ್ಲ, ಮನೆಯ ಟಿವಿಗೇ ಜೋಡಿಸಬಹುದಿತ್ತು. ಆದರೆ ಅದರ ಪ್ರೋಗ್ರಾಮು ಬೇರೆ ಯಂತ್ರಕ್ಕೆ ಒಗ್ಗದು, ಬೇರೆ ಯಂತ್ರದ್ದು ಇದಕ್ಕೆ ಒಗ್ಗದು; ಮದುವೆಯಲ್ಲಿ ಜಗಳಾಡಿದ ಬೀಗರ ಹಾಗೆ. ಒಂದೇ ವರ್ಷದಲ್ಲಿ ಕಂಪನಿ ಮಯೂರವನ್ನು ಕೈಬಿಟ್ಟು ವೋಲ್ಟೇಜ್ ಸ್ಟೆಬಿಲೈಸರ್ ಮಾಡತೊಡಗಿತು. ನಮ್ಮ ಕಡೆಯ ಕರೆಂಟಿನ ದಯೆಯಿಂದ ಅವು ಚೆನ್ನಾಗಿ ಮಾರಾಟವಾದವು.

ಆ ಒಂದು ವರ್ಷದಲ್ಲಿ ಮಾನ್ವಿಗೂ ಒಂದು ಬಂತು. ಕಾಲೇಜಿನ ಏಕೈಕ ಎಸಿ ಅದರ ಕೋಣೆಗೇ ಕೂತಿತು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಪ್ರತಿ ಆಯುಧಪೂಜೆಗೆ ಕೀಲಿಮಣೆಗೆ ಕುಂಕುಮ, ವಿಭೂತಿ, ಎದುರಿಗೊಂದು ಕಾಯಿ. ಆಗ ಪಿಯುಸಿ ಓದುತ್ತಿದ್ದ, ಮಾರುಕಟ್ಟೆಯ ಹಮಾಲ ತಾಯಣ್ಣನ ಮಗ ಅಮರೇಶ ಬರಿಗಾಲಲ್ಲಿ ಬಾಗಿಲಿಗೆ ನಿಂತು ಕೈ ಚಾಚಿದ್ದ. "ಮುಟ್ಟಬ್ಯಾಡ" ಎಂದಿದ್ದರು. ಅವನ ಮನೆತನಕ್ಕೆ ಹೊಸ ಮಾತಲ್ಲ. ಬಾವಿ ಹೇಳಿತ್ತು, ಹೋಟೆಲ್ಲಿನ ಕಪ್ಪುಬಸಿ ಹೇಳಿತ್ತು, ಈಗ ಕಂಪ್ಯೂಟರೂ ಶುರುಮಾಡಿತಲ್ಲ ಎಂದು ಅವನಿಗೆ ರೇಗಿತ್ತು. ಕೆಟ್ಟೀತೆಂಬ ಭಯಕ್ಕೆ ಅದನ್ನು ಆಗಿನ ಪ್ರಿನ್ಸಿಪಾಲರೂ ಮುಟ್ಟುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ಮಟ್ಟಿಗೆ ಕಾಲೇಜಿನಲ್ಲಿ ಸಮಾನತೆ ಇತ್ತು. ಆದರೂ ಅದರ ಮೇಲೆ ಒಮ್ಮೆ ತನ್ನ ಹೆಸರು ಹೊಡೆದೇ ತೀರಬೇಕೆಂಬ ಹಟ ಅವನಲ್ಲಿ ಉಳಿದುಬಿಟ್ಟಿತ್ತು.

ಮೊದಲ ತೊಡಕು ಟಿವಿಯದು. ಕಾಲೇಜಿನ ಟಿವಿಗಳೆಲ್ಲ ಹಪ್ಪಳದಂತೆ ತೆಳ್ಳಗೆ. ಮಯೂರದ ವೈರು ಸಿಗಿಸಲು ಅವಕ್ಕೆ ಜಾಗವೇ ಇಲ್ಲ. ರಸಾಯನಶಾಸ್ತ್ರದ ಸವಿತಾ ತಮ್ಮೂರು ಹಿರೇಕೊಟ್ನೆಕಲ್ಲಿನ ಹೀರಾಬಿಯ ಮನೆಯಲ್ಲಿ ಹಳೆಯ ಡಬ್ಬಿ ಟಿವಿ ಇದೆ, ಆದರೆ ಆ ಮುದುಕಿ, ಎಂದು ಮಾತು ಶುರುಮಾಡುವಷ್ಟರಲ್ಲಿ ಅಮರೇಶನ ಬೈಕು ಗೇಟಿನಾಚೆ ಇತ್ತು.

ಸವಿತಾ ಹೇಳಲಿದ್ದುದನ್ನು ಹೀರಾಬಿಯೇ ಹೇಳಿದಳು. "ಟಿವಿ ಕೊಡ್ತೀನಿ ಬೇಟಾ. ಅದೊಂದನ್ನ ಕಳಸಂಗಿಲ್ಲ. ನಾನೂ ಬರ್ತೀನಿ."

ಟಿವಿಯನ್ನು ಬಾಣಂತಿಯಂತೆ ಕೌದಿಯಲ್ಲಿ ಸುತ್ತಿ ಆಟೋದಲ್ಲಿ ಕೂರಿಸಿದರು. ಹಿಂದೆ ಹೊರಟ ಅಮರೇಶನ ಬೈಕು ಊರ ಹೊರಗೇ ಪಂಕ್ಚರಾಯಿತು. ಅವನು ಆಟೋ ಹತ್ತಿದ. ಜಾಗವಿಲ್ಲದೆ ಟಿವಿ ಅವನ ತೊಡೆ ಹತ್ತಿತು. ಪ್ರತಿ ತಗ್ಗಿಗೂ ಅದು ಅವನ ಗದ್ದಕ್ಕೆ ಗುದ್ದುತ್ತಿತ್ತು, ಹೀರಾಬಿ ಟಿವಿಗೆ ಪೆಟ್ಟಾಯಿತೇ ಎಂದು ಸವರಿ ನೋಡುತ್ತಿದ್ದಳು.

ಕಾಲೇಜಿಗೆ ಬಂದಾಗ ಗದ್ದ ಬದನೆಕಾಯಿಯಾಗಿತ್ತು. ಜನ ನೆರೆದಿದ್ದರು, ಸಲಹೆಗಳೂ ನೆರೆದಿದ್ದವು. ಅಮರೇಶ ಯಂತ್ರ ಬಿಚ್ಚಿ ಒಳಗಿನ ವಿಭೂತಿ ಊದಿ, ಫ್ಯೂಸು ಬದಲಿಸಿದ. ಗುಮಾಸ್ತ ಬಸವಲಿಂಗ ತೆಂಗಿನಕಾಯಿ ಹಿಡಿದು ಅಡ್ಡ ಬಂದ.

"ಮೊದಲ ಕಾಯಿ ಒಡೀರಿ ಸರ."

"ಇಷ್ಟು ವರ್ಷ ಒಡದೀರಲ್ಲ. ಇವತ್ತರ ಸ್ವಿಚ್ ಹಾಕೂಣು."

ಸ್ವಿಚ್ಚು ಹಾಕಿದ. ಕರ್ಪೂರ ಸುಟ್ಟ ವಾಸನೆ ಬಂತು. ಶರಣಯ್ಯನವರು ಸವಿತಾಳ ಹಿಂದೆ ಸರಿದರು. ಟಿವಿಯಲ್ಲಿ ಅರಳು ಹುರಿದಂತೆ ಚಿಟಪಟ ಚುಕ್ಕಿ ಕುಣಿದವು, ಆಮೇಲೆ ಕತ್ತಲೆ, ಆಮೇಲೆ ಒಂದು ಪುಟ್ಟ ಹಸಿರು ಚೌಕ ಕಣ್ಣು ಮಿಟುಕಿಸಿತು.

ಅಮರೇಶ ಹೆಸರು ಹೊಡೆದ. ಪರದೆಯ ಮೇಲೆ 'ಅರೇಶ' ಎಂದು ಬಂತು. ಯಾರೋ ನಕ್ಕರು. ಮಕಾರದ ಕೀಲಿಯಡಿ ವರ್ಷಗಳ ಕುಂಕುಮ ಕಲ್ಲಾಗಿತ್ತು. ಸವಿತಾ ತಲೆಯ ಪಿನ್ನು ತೆಗೆದು ಕೊಟ್ಟಳು. ಅವನು ಕೆದರಿ, ಕೆದರಿ, ಕುಂಕುಮದ ಚಕ್ಕೆ ಹಾರಿಸಿ ಮತ್ತೆ ಹೊಡೆದ.

'ಅಮರೇಶ'.

ಈ ಸಲ ಯಾರೂ ನಗಲಿಲ್ಲ. ಅವನು ಹಿಂತಿರುಗಿ, "ಯಾರಿಗೆ ಮುಟ್ಟಬೇಕಾಗ್ಯದ, ಬರ್ರಿ," ಎಂದ. ವಿದ್ಯಾರ್ಥಿಗಳು ಸಾಲು ನಿಂತರು. ಮೊದಲು ನಿಂತವಳು ಹೀರಾಬಿ.

ಶರಣಯ್ಯನವರು ಮಾತ್ರ ಫೋನು ಹಿಡಿದು ಆಚೆ ಹೋಗಿದ್ದರು. ಸಂಜೆ ರಾಯಚೂರಿನಿಂದ ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರ ಕಾರು ಬಂತು. ಇಡೀ ಸೀಮೆಯಲ್ಲಿ ಇಂಥದೊಂದು ಓಡುವ ಯಂತ್ರ ಬೇರೆಲ್ಲೂ ಇರಲಿಕ್ಕಿಲ್ಲವೆಂದು ಅಧ್ಯಕ್ಷರು ಅದನ್ನು ತಮ್ಮ ಮನೆಯ ಹಾಲಿಗೆ ತರಿಸುತ್ತಿದ್ದರು. ಅಮರೇಶ ಕಾರಿಗೆ ಅಡ್ಡ ನಿಂತ.

"ನೀವ ತೋರಿಸಿಕೊಟ್ರಿ, ಗುಜರಿ ಅಲ್ಲಂತ," ಎಂದರು ಶರಣಯ್ಯನವರು, ಬಲು ಮೃದುವಾಗಿ. "ಗುಜರಿ ಅಲ್ಲದ್ದು ಸಂಸ್ಥೆ ಆಸ್ತಿ ಆಗ್ತದಲ್ರೀ."

ಡ್ರೈವರ್ ತಿರುಪತಿ ಮಯೂರವನ್ನು ಹಿಂದಿನ ಸೀಟಿನಲ್ಲಿಟ್ಟು ಟಿವಿಗೂ ಕೈಹಾಕಿದ. ಹೀರಾಬಿ ಅದರ ಮೇಲೆ ಕೂತುಬಿಟ್ಟಳು. ಅಧ್ಯಕ್ಷರಲ್ಲ, ಅವರಪ್ಪ ಬಂದರೂ ಏಳುವುದಿಲ್ಲ ಎಂದಳು. ಕಾರು ಟಿವಿ ಇಲ್ಲದೆ ಹೋಯಿತು. ಅಧ್ಯಕ್ಷರ ಹಾಲಿನಲ್ಲಿ ಮಯೂರ ಕುರುಡಾಗಿ ಕೂರುತ್ತದೆಂದು ಅಮರೇಶನಿಗೆ ಚೂರು ಸಮಾಧಾನವಾಯಿತು.

ಆ ಸಮಾಧಾನವನ್ನೂ ಅಲ್ತಾಫ್ ಉಳಿಸಲಿಲ್ಲ. ಲಾರಿಗೆ ಹಗ್ಗ ಬಿಗಿಯುತ್ತಿದ್ದವನು ಕೆಳಗಿಳಿದು ಹತ್ತಿರ ಬಂದ.

"ಸರ, ಮುಂಜಾನಿ ನೀವು ಅದರ ಮ್ಯಾಲ ಕೈ ಇಟ್ಟು ನಿಂತಾಗನ ತಿಳೀತು, ನಿಮಗ ಬೇಕಾಗ್ಯದಂತ. ತೂಕ ಮಾಡಿ ಒಯ್ದು, ಸಂಜಿಮುಂದ ನಿಮ್ಮ ಮನಿ ಮುಂದ ಇಳಿಸಿ ಹೋಗೂಣಂತ ಮಾಡಿದ್ದೆ."

"ಅವಾಗ ಹೇಳಬಾರದೇನಲೇ?"

"ಪ್ರಿನ್ಸಿಪಾಲರ ಮುಂದ ಹೆಂಗ ಹೇಳ್ಲಿರಿ? ಅವರು ಒಳಗ ಹೋಗೂತನ ಸುಮ್ಮನಿರೂಣಂದ್ರ, ನೀವು ಗಾಡಿ ಹತ್ತಿ ಹಿರೇಕೊಟ್ನೆಕಲ್ ಮುಟ್ಟಿದ್ರಿ. ನೀವೂ ಸುಮ್ಮನಿದ್ದಿದ್ರ ಈ ಹೊತ್ತಿಗೆ ಅದು ನಿಮ್ಮ ಪಡಸಾಲ್ಯಾಗ ಇರ್ತಿತ್ತು."

ಅಮರೇಶ ಬಾತ ಗದ್ದವನ್ನು ಸವರಿಕೊಂಡ.

"ಸುಮ್ಮನಿರಾಕ ನನಗ ಬರಂಗಿಲ್ಲಪ," ಎಂದ. "ಬಾ, ಈ ಟಿವಿಗೆ ಆ ಕಡಿ ಕೈ ಹಚ್ಚು. ಮುದುಕಿ ಇನ್ನೂ ಇಳದಿಲ್ಲ, ನೋಡಿ ಎತ್ತು."