ಬೀದಿಯೆಲ್ಲ ಕಾದ ಕಾರು

ಮಾವನವರು ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಕಾರನ್ನು ಅಳಿಯನಿಗೆ ಒಪ್ಪಿಸಿ ಒಂದೇ ಮಾತು ಹೇಳಿದ್ದರು: "ನಾನು ಬಂದಾಗ ಇದು ಹೀಗೇ ಇದ್ರೆ, ಕಾರು ನಿಮ್ದು."

ಅಳಿಯ ಡ್ರಾಯಿಂಗ್ ಮೇಷ್ಟ್ರು. ಬೋರ್ಡಿನ ಮೇಲೆ ಕಾರು ಬರೆದು ಗೊತ್ತೇ ಹೊರತು ಮನೆ ಮುಂದೆ ನಿಲ್ಲಿಸಿ ಗೊತ್ತಿಲ್ಲ. ಪಕ್ಕದ ಬೀದಿಯಲ್ಲಿ ಸ್ಕೂಟರೊಂದು ಕಳುವಾದ ಮೇಲಂತೂ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಈಗ ಮಾವ ಸಂಜೆ ರೈಲಿಗೆ ಬರುವವರಿದ್ದರು. ಇದೊಂದು ದಿನ ದಾಟಿದರೆ ಗೆದ್ದಂತೆ ಎಂದು ಮೇಷ್ಟ್ರು ಶಾಲೆಗೆ ಹೊರಡುವ ಮುಂಚೆ ನೆರೆಹೊರೆಯವರನ್ನು ಸೇರಿಸಿದರು.

ಎದುರುಮನೆಯ ಟೈಲರ್ ತನ್ನ ನಾಯಿಯ ಸರಪಳಿ ತಂದು ಚಕ್ರವನ್ನು ಮರಕ್ಕೆ ಬಿಗಿದು, ಬೀಗದ ಕೀಯನ್ನು ತಾಯಿಯ ಕೈಗೆ ಕೊಟ್ಟ. ಮೂಲೆಮನೆಯ ತಾತ ಕಾರ್ಖಾನೆಯ ಗೇಟು ಕಾದು ನಿವೃತ್ತರಾದವರು; ಕೆಲಸ ಹೋದರೂ ಕೊರಳಿನ ಸೀಟಿ ಹೋಗಿರಲಿಲ್ಲ.

"ಕಳ್ಳ ಬಂದ್ರೆ ಏನಂತಾನೆ? ಕಾರು ನಂದೇ ಅಂತಾನೆ," ಎಂದರು ತಾತ. "ಹಾಗಂದೋನ ಮಾತು ಮುಂದಕ್ಕೆ ಕೇಳ್ಲೇಬಾರದು."

ಟೈಲರನ ತಾಯಿ, ಆ ಅಜ್ಜಿ, ಮರೆತುಹೋದೀತೆಂದು ಇದನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಮಧ್ಯಾಹ್ನ ತರಗತಿಯಲ್ಲಿ ಮೇಷ್ಟ್ರ ಫೋನು ಬಡಿದುಕೊಂಡಿತು. ತಾತನ ದನಿ ಏದುಸಿರು ಬಿಡುತ್ತಿತ್ತು.

"ಮೇಷ್ಟ್ರೇ, ಸಿಕ್ಕಿಬಿದ್ದ. ಕಪ್ಪು ಕನ್ನಡಕದೋನು. ಬೇರೆ ಕೀ ಹಾಕ್ಕೊಂಡು ಒಳಗೇ ಕೂತಿದ್ದ. ಕಾರು ನಂದೇ ಅಂದ. ಈಗ ನಿಮ್ಮ ಮಾವ ಅಂತಾನೂ ಅಂತಿದಾನೆ."

"ನಮ್ಮ ಮಾವ ಬರೋದು ಸಂಜೆಗೆ. ಎರಡೇಟು ಬಿಟ್ಟು ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡ್ ಹೋಗಿ, ನಾನೂ ಬಂದೆ."

ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ತಾತನದಲ್ಲ. ಕಳ್ಳನನ್ನು ಕಾರಿನಿಂದ ಎಳೆದು, ಸೀಟಿ ಊದುತ್ತ ಮುಂದೆ ನಡೆದರು. ಹಿಂದೆ ಇಡೀ ಬೀದಿ ಮದುವೆ ದಿಬ್ಬಣದಂತೆ ಹೊರಟಿತು. ಕೀ ಕಾರಿನಲ್ಲೇ ಉಳಿಯಿತು. ಮಂಡಿನೋವಿನ ಅಜ್ಜಿ ಮಾತ್ರ ಜಗಲಿಯಲ್ಲಿ ಉಳಿದರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ಕಪ್ಪು ಕನ್ನಡಕದವರು ಮಾವನವರೇ.

"ಹೇಳದೆ ಬಂದು ನೋಡೋಣ ಅಂತ ಬೆಳಗಿನ ಬಸ್ಸಿಗೇ ಬಂದೆ," ಎಂದರು ಮಾವನವರು, ಕೆನ್ನೆ ಸವರಿಕೊಳ್ಳುತ್ತ.

ತಾತ ಸೀಟಿಯನ್ನು ಅಂಗಿಯೊಳಕ್ಕೆ ಇಳಿಬಿಟ್ಟರು. ಮೇಷ್ಟ್ರು ಕಾಲು ಹಿಡಿಯಲು ಬಗ್ಗಿದಾಗ ಮಾವನವರು ತಡೆದರು.

"ಪೆಟ್ಟು ಬಿತ್ತು, ಹೋಗ್ಲಿ ಬಿಡಿ. ಆದ್ರೆ ಇಂಥ ಕಾವಲು ನನ್ನ ಕೈಲೂ ಆಗಿರ್ಲಿಲ್ಲ. ಎಲ್ಲರ ಮುಂದೆ ಹೇಳ್ತಿದೀನಿ, ಈ ಗಳಿಗೆಯಿಂದ ಕಾರು ನಿಮ್ದೇ."

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ದಿಬ್ಬಣ ಹಿಂದಿರುಗಿತು. ಮರದ ಬುಡದಲ್ಲಿ ಸರಪಳಿ ಮಾತ್ರ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಅಜ್ಜಿ, ಕಾರೆಲ್ಲಿ?"

"ಒಬ್ಬ ಬಂದಿದ್ದ ಕಣಪ್ಪ. ಕಾರು ನಿಂದಾ ಅಂತ ಮೊದ್ಲು ಅದನ್ನೇ ಕೇಳ್ದೆ. 'ನಂದಲ್ಲಜ್ಜಿ, ದೇವರಾಣೆ ನಂದಲ್ಲ. ಸಾಕ್ಷಿಗೆ ಬೇಕಂತೆ, ಸ್ಟೇಷನ್ನಿಗೆ ಒಯ್ತೀನಿ' ಅಂದ. ನಂದು ಅನ್ಲಿಲ್ವಲ್ಲ, ಅದಕ್ಕೇ ಸರಪಳಿ ಕೀನೂ ಕೊಟ್ಟೆ."

ಮಾವನವರು ಕನ್ನಡಕ ತೆಗೆದು ಖಾಲಿ ಜಾಗವನ್ನು ಒಮ್ಮೆ ನೋಡಿದರು. ಆಮೇಲೆ ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಕಾರು ನಿಮ್ದೇ. ಹೋಗಿ, ದೂರು ನೀವೇ ಕೊಡಿ."